ಅತ್ತಿಯ ಮರವೂ ಬತ್ತಿದ ತೊರೆಯೂ

(ಕೀನ್ಯಾ ದೇಶದ ಗ್ರಾಮಸ್ತ್ರೀಯರ ವೃಕ್ಷಕಾರ್ಯವನ್ನು ಕುರಿತ ಲೇಖನ)

ಹಳ್ಳಿಯಲ್ಲಿ ನೀರನ್ನು ಹೊತ್ತು ತರುವವರು ಯಾರು? ಸೌದೆಯನ್ನು ಆಯ್ದು ತರುವವರು ಯಾರು? ಒಲೆಯ ಮುಂದೆ ಕುಳಿತು ಹೊಗೆಯನ್ನು ನುಂಗುವವರು ಯಾರು? ಈ ಮೂರು ಪ್ರಶ್ನೆಗಳಿಗೂ ಉತ್ತರವೊಂದೇ: ಮನೆಯ ಹೆಂಗಸರು. ನಲ್ಲಿಯೂ ಗ್ಯಾಸಿನ ಒಲೆಯೂ ಬಂದಿರುವ ಮನೆಗಳಲ್ಲಿ ಈ ಕಷ್ಟವು ತಗ್ಗಿರುವುದು ನಿಜ. ಅವು ಬಾರದಿರುವ ಸ್ಥಳಗಳಲ್ಲಿಯಾದರೋ ಕೆರೆಯು ಬತ್ತಿದ ಸುದ್ದಿಯೂ ಕಾಡು ದೂರ ಸರಿದ ಸುದ್ದಿಯೂ ಮೊದಲು ಮುಟ್ಟುವುದು ಅಧಿಕಾರಿಗಳ ಕಚೇರಿಗಲ್ಲ, ಕೊಡವನ್ನು ಹೊತ್ತ ಹೆಣ್ಣುಮಗಳ ಸೊಂಟಕ್ಕೆ. ಹೀಗಿರಲು, ಭೂಮಿಯ ರಕ್ಷಣೆಯನ್ನು ಕುರಿತು ಆಲೋಚಿಸುವಾಗ ಆಕೆಯನ್ನು ಕೇಳದೆ ಬಿಡುವುದು ವೈದ್ಯನು ರೋಗಿಯನ್ನು ಕೇಳದೆ ಔಷಧವನ್ನು ಕೊಟ್ಟಂತೆಯೇ ಸರಿ.

ಈ ಮಾತಿಗೆ ದೃಷ್ಟಾಂತವಾಗಿ ಆಫ್ರಿಕಾ ಖಂಡದ ಕೀನ್ಯಾ ದೇಶದಲ್ಲಿ ನಡೆದ ಒಂದು ಕಾರ್ಯವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದೆ ಇಡಲು ಅಪೇಕ್ಷಿಸುತ್ತೇನೆ. ಅದನ್ನು ಆರಂಭಿಸಿದ ಮಹಿಳೆಯ ಹೆಸರು ವಂಗಾರಿ ಮಾಥಾಯ್. ಈಕೆಯೂ ಮಿಶನ್ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕಲಿತವಳೇ. ಆದಕಾರಣ ಈಕೆಯ ವೃತ್ತಾಂತವು ಇಂತಹ ಸಂಚಿಕೆಗೆ ಹೊರಗಿನದೆಂದು ನಾನು ಭಾವಿಸುವುದಿಲ್ಲ.

ತಾಯಿಯ ಎಚ್ಚರಿಕೆ

ವಂಗಾರಿಯು 1940ನೆಯ ಇಸವಿ ಏಪ್ರಿಲ್ 1ರಂದು ಕೀನ್ಯಾ ದೇಶದ ನ್ಯೇರಿ ಪ್ರಾಂತದ ಈಹಿಥೆ ಎಂಬ ಹಳ್ಳಿಯಲ್ಲಿ ಹುಟ್ಟಿದಳು. ಆಗ ಆ ದೇಶವು ಬ್ರಿಟಿಷರ ವಸಾಹತಾಗಿತ್ತು. ತಂದೆತಾಯಿಗಳು ಕಿಕುಯು ಜನಾಂಗಕ್ಕೆ ಸೇರಿದ ರೈತರು. ಮನೆಯ ಸಮೀಪದಲ್ಲಿ ಒಂದು ದೊಡ್ಡ ಮರವಿದ್ದಿತು. ಅದನ್ನು ಅಲ್ಲಿಯವರು ಮುಗುಮೊ ಎನ್ನುವರು. ನಮ್ಮ ಅತ್ತಿ, ಆಲ, ಅಶ್ವತ್ಥಗಳ ಕುಲಕ್ಕೆ ಸೇರಿದ ವೃಕ್ಷವದು. ಸೌದೆಯನ್ನು ಆಯಲು ಹೋಗುವ ಮಗಳಿಗೆ ತಾಯಿಯು, ಆ ಮರದ ಕೆಳಗಿನ ಒಣಕಡ್ಡಿಯನ್ನು ಸಹ ತರಕೂಡದು, ಅದು ದೇವರ ಮರ, ಎಂದು ತಿಳಿಸಿದ್ದಳು. ಕಿಕುಯು ಜನರು ಆ ಮರವನ್ನು ಕಡಿಯುತ್ತಿರಲಿಲ್ಲ, ಸುಡುತ್ತಿರಲಿಲ್ಲ.

ಮರದಿಂದ ಸ್ವಲ್ಪ ದೂರದಲ್ಲಿ ನೆಲದೊಳಗಿನಿಂದ ನೀರು ಚಿಮ್ಮಿ ಸಣ್ಣ ತೊರೆಯಾಗಿ ಹರಿಯುತ್ತಿತ್ತು. ವಂಗಾರಿಯು ನೀರಿಗೆ ಹೋದಾಗ ಅಲ್ಲಿ ಕಪ್ಪೆಯ ಮೊಟ್ಟೆಗಳನ್ನು ಕಂಡು, ಅವು ಮಣಿಗಳೆಂದು ಬಗೆದು, ಸರ ಮಾಡಿಕೊಳ್ಳಲು ಬೆರಳಿನಿಂದ ಎತ್ತುವಳು, ಅವು ಜಾರಿಹೋಗುವುವು. ಕೆಲವು ದಿನಗಳಾದ ಮೇಲೆ ನೋಡಿದರೆ ಮಣಿಗಳಿಲ್ಲ, ಸಾವಿರಾರು ಗೊದಮೊಟ್ಟೆಗಳು ಬಾಲವಾಡಿಸುತ್ತ ಈಜುತ್ತಿರುವುವು. ಈ ಬಾಲ್ಯದ ನೋಟವನ್ನು ಆಕೆಯು ಮುಪ್ಪಿನವರೆಗೂ ಮರೆಯಲಿಲ್ಲ. 2004ರಲ್ಲಿ ನೊಬೆಲ್ ಬಹುಮಾನವನ್ನು ಸ್ವೀಕರಿಸಿ ಮಾಡಿದ ಉಪನ್ಯಾಸದಲ್ಲಿಯೂ ಆ ತೊರೆಯನ್ನೂ ಆ ಗೊದಮೊಟ್ಟೆಗಳನ್ನೂ ಸ್ಮರಿಸಿದಳು.

ವಿದ್ಯಾಭ್ಯಾಸ

ಆ ಕಾಲದಲ್ಲಿ ಆ ಹಳ್ಳಿಯ ಹೆಣ್ಣುಮಕ್ಕಳು ಶಾಲೆಗೆ ಹೋಗುವುದು ಅಪೂರ್ವವಾಗಿತ್ತು. ಒಂದು ದಿನ ಅಣ್ಣನು ತಾಯಿಯನ್ನು, ನಾವೆಲ್ಲರೂ ಶಾಲೆಗೆ ಹೋಗುತ್ತಿರುವಾಗ ವಂಗಾರಿಯು ಏಕೆ ಹೋಗುವುದಿಲ್ಲ, ಎಂದು ಕೇಳಿದನು. ಮನೆಗೆಲಸಕ್ಕೆ ಮಗಳ ಕೈ ಬೇಕಾಗಿದ್ದಿತು. ಶಾಲೆಗೆ ಹಣವೂ ಬೇಕಾಗಿದ್ದಿತು. ಆದರೂ ತಾಯಿಯು, ಹೋಗಬಾರದೆಂಬುದಕ್ಕೆ ಕಾರಣವಿಲ್ಲವೆಂದು ಒಪ್ಪಿದಳು. ಮುಂದೆ ನಡೆದುದಕ್ಕೆಲ್ಲ ಈ ಒಪ್ಪಿಗೆಯೇ ಮೊದಲ ಬೀಜ.

ಹಳ್ಳಿಯ ಶಾಲೆಯ ತರುವಾಯ ಆಕೆಯು ಹನ್ನೊಂದರ ವಯಸ್ಸಿನಲ್ಲಿ ನ್ಯೇರಿಯ ಕ್ಯಾಥೊಲಿಕ್ ಮಿಶನ್ನಿನ ಬೋರ್ಡಿಂಗ್ ಶಾಲೆಯನ್ನು ಸೇರಿದಳು. ಬಳಿಕ 1956ರಿಂದ 1959ರವರೆಗೆ ಲಿಮುರುವಿನಲ್ಲಿರುವ ಲೊರೆಟೊ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕಲಿತಳು. ಸನ್ಯಾಸಿನಿಯರಾದ ಉಪಾಧ್ಯಾಯಿನಿಯರು ಆಕೆಗೆ ವಿಜ್ಞಾನದಲ್ಲಿ ಆಸಕ್ತಿಯನ್ನು ಹುಟ್ಟಿಸಿದರು. ಸ್ವಂತ ಲಾಭವನ್ನು ಬಯಸದೆ ಪರರ ಮಕ್ಕಳಿಗಾಗಿ ದುಡಿಯುವುದನ್ನು ಅವರಲ್ಲಿಯೇ ಕಂಡೆನೆಂದು ಆಕೆಯು ಕೃತಜ್ಞತೆಯಿಂದ ಹೇಳಿಕೊಂಡಿದ್ದಾಳೆ.

ಆದರೆ ಸತ್ಯವನ್ನು ಮುಚ್ಚಬಾರದು. ಬೋರ್ಡಿಂಗಿನಲ್ಲಿ ಇಂಗ್ಲಿಷಿನ ಹೊರತು ಬೇರೆ ಭಾಷೆಯನ್ನಾಡಕೂಡದೆಂಬ ನಿಯಮವಿದ್ದಿತು. ತಾಯ್ನುಡಿಯನ್ನಾಡಿ ಸಿಕ್ಕಿಬಿದ್ದ ಹುಡುಗಿಯು ಅವಮಾನದ ಗುರುತಾಗಿ ಒಂದು ಬಿಲ್ಲೆಯನ್ನು ಧರಿಸಬೇಕಾಗುತ್ತಿತ್ತು. ಇಂಗ್ಲಿಷು ಬಂದಿತು, ಅದರೊಡನೆ ಮನೆಯ ಭಾಷೆಯೂ ಮನೆಯವರ ತಿಳಿವಳಿಕೆಯೂ ಕೀಳೆಂಬ ಭಾವನೆಯೂ ಮಕ್ಕಳ ಮನಸ್ಸಿನಲ್ಲಿ ಬೇರೂರಿತೆಂದು ಆಕೆಯು ದೊಡ್ಡವಳಾದ ಮೇಲೆ ವ್ಯಸನದಿಂದ ಬರೆದಳು. ದೇವರ ಮರವನ್ನು ಕುರಿತ ತಾಯಿಯ ಮಾತೂ ಹೀಗೆಯೇ ಮೂಢನಂಬಿಕೆಗಳ ಸಾಲಿಗೆ ಸೇರಿಹೋಯಿತು.

1960ರಲ್ಲಿ ಸುಮಾರು ಮುನ್ನೂರು ಮಂದಿ ಕೀನ್ಯಾ ವಿದ್ಯಾರ್ಥಿಗಳಿಗೆ ಅಮೆರಿಕೆಯಲ್ಲಿ ಓದುವ ಅವಕಾಶವು ದೊರೆಯಿತು. ಅವರಲ್ಲಿ ವಂಗಾರಿಯೂ ಒಬ್ಬಳು. ಕ್ಯಾನ್ಸಾಸ್ ಸಂಸ್ಥಾನದ ಬೆನೆಡಿಕ್ಟಿನ್ ಸನ್ಯಾಸಿನಿಯರ ಕಾಲೇಜಿನಲ್ಲಿ 1964ರಲ್ಲಿ ಜೀವಶಾಸ್ತ್ರದ ಪದವಿಯನ್ನೂ, ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಮೇಲಣ ಪದವಿಯನ್ನೂ ಪಡೆದು ಸ್ವದೇಶಕ್ಕೆ ಹಿಂದಿರುಗಿದಳು. 1971ರಲ್ಲಿ ನೈರೋಬಿಯಲ್ಲಿ ಡಾಕ್ಟರ್ ಪದವಿಯನ್ನು ಪಡೆದಳು. ಪೂರ್ವ ಮತ್ತು ಮಧ್ಯ ಆಫ್ರಿಕೆಯ ಹೆಂಗಸರಲ್ಲಿ ಈ ಪದವಿಯನ್ನು ಪಡೆದವರಲ್ಲಿ ಈಕೆಯೇ ಮೊದಲಿಗಳು. ಪಶುಗಳ ಶರೀರರಚನೆಯನ್ನು ಬೋಧಿಸುವುದು ಆಕೆಯ ಉದ್ಯೋಗವಾಯಿತು.

ತೊರೆಯು ಬತ್ತಿದ ಕಾರಣ

ಊರಿಗೆ ಹೋಗಿ ನೋಡಿದರೆ ಮುಗುಮೊ ಮರವಿಲ್ಲ. ಭೂಮಿಯ ಹೊಸ ಒಡೆಯನು, ಅದು ಬಹಳ ಜಾಗವನ್ನು ಹಿಡಿದಿದೆಯೆಂದೆಣಿಸಿ ಕಡಿಸಿ, ಅಲ್ಲಿ ಚಹದ ಗಿಡಗಳನ್ನು ಹಾಕಿಸಿದ್ದನು. ತೊರೆಯು ಬತ್ತಿಹೋಗಿತ್ತು, ಗೊದಮೊಟ್ಟೆಗಳಿಗೆ ಎಡೆಯೆಲ್ಲಿ?

ಮರಕ್ಕೂ ತೊರೆಗೂ ಸಂಬಂಧವೇನೆಂಬುದನ್ನು ಆಕೆಯು ಆಗ ಶಾಸ್ತ್ರದೃಷ್ಟಿಯಿಂದ ಆಲೋಚಿಸಿದಳು. ಈ ಜಾತಿಯ ಮರಗಳ ಬೇರುಗಳು ಬಹಳ ಆಳಕ್ಕೆ ಇಳಿಯುತ್ತವೆ. ಮೇಲ್ಮಣ್ಣಿನ ಕೆಳಗಿರುವ ಕಲ್ಲನ್ನು ಸೀಳಿಕೊಂಡು ಒಳಗಿನ ಜಲವನ್ನು ಮುಟ್ಟುತ್ತವೆ. ಬೇರಿನ ಹಾದಿಯನ್ನೇ ಹಿಡಿದು ನೀರು ಮೇಲೇರಿ, ತಗ್ಗು ದೊರೆತಲ್ಲಿ ಒರತೆಯಾಗಿ ಹೊರಬೀಳುತ್ತದೆ. ಮಳೆಯ ನೀರು ಕೆಳಗಿಳಿಯಲು ಅದೇ ಬೇರು ದಾರಿಯಾಗುತ್ತದೆ. ಇಳಿಜಾರಿನ ಮಣ್ಣನ್ನು ಹಿಡಿದು ಗುಡ್ಡವು ಜರಿಯದಂತೆ ಕಾಯುವುದೂ ಅದೇ. ಹೀಗಾಗಿ ದೇವರ ಮರವೆಂಬ ಹೆಸರಿನೊಳಗೆ ಒಂದು ಊರಿನ ನೀರಿನ ಭದ್ರತೆಯೇ ಅಡಗಿದ್ದಿತು. ಹಿರಿಯರು ಕಾರಣವನ್ನು ಹೇಳಲಿಲ್ಲ, ಆದರೆ ಮರವನ್ನು ಉಳಿಸಿದರು. ವಿದ್ಯಾವಂತರು ಕಾರಣವನ್ನು ಕೇಳಲಿಲ್ಲ, ಮರವನ್ನೂ ಉಳಿಸಲಿಲ್ಲ.

ಇದು ಒಂದು ಮರದ ಕಥೆ ಮಾತ್ರವಲ್ಲ. ವಸಾಹತಿನ ಕಾಲದಲ್ಲಿ ಬೆಟ್ಟಗಳ ಸ್ವಾಭಾವಿಕವಾದ ಅರಣ್ಯವನ್ನು ಕಡಿದು, ಬೇಗನೆ ಬೆಳೆದು ಬೆಲೆಗೆ ಬರುವ ಪೈನ್, ನೀಲಗಿರಿ ಮುಂತಾದ ಪರದೇಶದ ಮರಗಳನ್ನು ಬೆಳೆಸಿದ್ದರು. 1963ರಲ್ಲಿ ಸ್ವಾತಂತ್ರ್ಯವು ಬಂದ ಮೇಲೆ ಚಹ ಮತ್ತು ಕಾಫಿಯ ಬೆಳೆಗಳು ಸಣ್ಣ ರೈತರ ಹೊಲಗಳಿಗೂ ಹಬ್ಬಿದವು. 1970ರ ದಶಕದ ಆರಂಭದಲ್ಲಿ ವಂಗಾರಿಯು ದನಗಳಿಗೆ ಜ್ವರವನ್ನು ತರುವ ಉಣ್ಣಿಗಳನ್ನು ಕುರಿತು ಸಂಶೋಧನೆ ಮಾಡುತ್ತ ನೈರೋಬಿಯ ಸುತ್ತಣ ಹಳ್ಳಿಗಳಲ್ಲಿ ಸಂಚರಿಸುತ್ತಿದ್ದಳು. ಮಳೆ ಬಂದಾಗ ನದಿಗಳು ಮಣ್ಣಿನಿಂದ ಕೆಂಪಗೆ ಹರಿಯುವುದನ್ನೂ, ಹುಲ್ಲಿಲ್ಲದೆ ದನಗಳ ಎಲುಬುಗಳು ಎಣಿಸುವಂತಿರುವುದನ್ನೂ ಕಂಡು, ದನಗಳಿಗೆ ಉಣ್ಣಿಗಿಂತಲೂ ಈ ಬರಿದಾದ ನೆಲವೇ ದೊಡ್ಡ ಶತ್ರುವೆಂದು ತೀರ್ಮಾನಿಸಿದಳು.

ಅದೇ ಕಾಲದಲ್ಲಿ ಕೀನ್ಯಾದ ರಾಷ್ಟ್ರೀಯ ಮಹಿಳಾ ಪರಿಷತ್ತಿನ ಸಭೆಗಳಲ್ಲಿ ಗ್ರಾಮಸ್ತ್ರೀಯರ ಅಹವಾಲುಗಳು ಕೇಳಿಬಂದವು. ಸೌದೆಯಿಲ್ಲ, ಶುದ್ಧವಾದ ನೀರಿಲ್ಲ, ಮಕ್ಕಳಿಗೆ ಪುಷ್ಟಿಯಾದ ಆಹಾರವಿಲ್ಲ, ಕೈಯಲ್ಲಿ ಕಾಸಿಲ್ಲ ಎಂಬುವೇ ಅವು. ಫಲವತ್ತಾದ ಮಧ್ಯಪ್ರಾಂತದಲ್ಲಿಯೇ ಮಕ್ಕಳು ಪೌಷ್ಟಿಕ ಆಹಾರದ ಕೊರತೆಯ ರೋಗಗಳಿಂದ ಬಳಲುತ್ತಿರುವರೆಂಬ ವರದಿಯು ಆಕೆಯನ್ನು ಬೆರಗುಗೊಳಿಸಿತು. ಕಾರಣವನ್ನು ವಿಚಾರಿಸಲಾಗಿ ಸರಪಳಿಯ ಕೊಂಡಿಗಳಂತೆ ಒಂದಕ್ಕೊಂದು ಹೆಣೆದುಕೊಂಡ ಸಂಗತಿಗಳು ಗೋಚರವಾದವು. ಆಹಾರದ ಬೆಳೆಯಿದ್ದ ನೆಲದಲ್ಲಿ ಈಗ ಚಹ, ಕಾಫಿ. ಮರಗಳು ಹೋದದ್ದರಿಂದ ಸೌದೆಯು ದುರ್ಲಭ. ಕಾಳುಗಳನ್ನೂ ಗೆಡ್ಡೆಗಳನ್ನೂ ಬಹಳ ಹೊತ್ತು ಬೇಯಿಸಬೇಕು; ಅಷ್ಟು ಸೌದೆಯಿಲ್ಲ. ಆದುದರಿಂದ ತಾಯಂದಿರು ಬೇಗ ಬೇಯುವ ಬಿಳಿಯ ಅಕ್ಕಿಯನ್ನೂ, ಬೇಯಿಸಬೇಕಾಗಿಲ್ಲದ ಅಂಗಡಿಯ ರೊಟ್ಟಿಯನ್ನೂ ಮಕ್ಕಳಿಗೆ ಕೊಡತೊಡಗಿದ್ದರು. ಹೊಟ್ಟೆಯು ತುಂಬಿತು, ಮೈಗೆ ಸಾರವು ಹತ್ತಲಿಲ್ಲ. ಹೀಗೆ ಬೆಟ್ಟದಲ್ಲಿ ಬಿದ್ದ ಕೊಡಲಿಯ ಏಟು ಅಡಿಗೆಮನೆಯಲ್ಲಿ ಕುಳಿತ ಮಗುವಿಗೆ ತಗಲಿತು.

ಇದಕ್ಕೆ ಆಕೆಗೆ ಹೊಳೆದ ಉಪಾಯವು ಅತಿ ಸರಳವಾದುದು: ಮರಗಳನ್ನು ನೆಡೋಣ. ಮರದಿಂದ ಸೌದೆ, ದನಕ್ಕೆ ಮೇವು, ಬೇಲಿಗೆ ಗೂಟ, ಮಕ್ಕಳಿಗೆ ಹಣ್ಣು, ಮಣ್ಣಿಗೆ ಹಿಡಿತ, ಒರತೆಗೆ ಜೀವ.

ಮೊದಲ ಸೋಲು

ಉಪಾಯವು ಸರಳವಾದರೂ ಕಾರ್ಯವು ಸುಲಭವಾಗಲಿಲ್ಲ. ಆಕೆಯು ಮೊದಲು ತನ್ನ ಮನೆಯ ಬಳಿಯಲ್ಲಿ ಬೆಳೆಸಲು ತರಿಸಿದ್ದ ಸಾವಿರಾರು ಸಸಿಗಳು ನೀರಿನ ಅಭಾವದಿಂದ ಬಹುಮಟ್ಟಿಗೆ ಒಣಗಿಹೋದವು. 1977ನೆಯ ಇಸವಿ ಜೂನ್ 5ರಂದು, ವಿಶ್ವ ಪರಿಸರ ದಿನದಲ್ಲಿ, ಮಹಿಳಾ ಪರಿಷತ್ತಿನ ಆಶ್ರಯದಲ್ಲಿ ನೈರೋಬಿಯ ಕಮುಕುಂಜಿ ಉದ್ಯಾನದವರೆಗೆ ಮೆರವಣಿಗೆಯಲ್ಲಿ ಹೋಗಿ ಏಳು ಮರಗಳನ್ನು ನೆಟ್ಟರು. ಆ ಏಳರಲ್ಲಿ ಉಳಿದವು ಎರಡೇ. ಲೆಕ್ಕಕ್ಕೆ ನೋಡಿದರೆ ಇದು ಸೋಲೇ. ಆದರೆ ಆಕೆಯು ಇದರಿಂದ ಒಂದು ಪಾಠವನ್ನು ಕಲಿತಳು. ನೆಡುವ ದಿನದ ಉತ್ಸಾಹವು ಮರವನ್ನು ಬೆಳೆಸಲಾರದು; ಮರುದಿನ ನೀರೆರೆಯುವ ಕೈ ಬೇಕು. ಆ ಕೈ ಇರುವುದು ಹಳ್ಳಿಯಲ್ಲಿ.

ಕೆಲಸವು ಹಳ್ಳಿಗಳಿಗೆ ಸಾಗಿತು. ಸಾವಿರಕ್ಕೆ ಕಡಿಮೆಯಿಲ್ಲದಂತೆ ಸಸಿಗಳನ್ನು ಸಾಲಾಗಿ ನೆಟ್ಟು ನೆಲಕ್ಕೆ ಹಸುರಿನ ನಡುಕಟ್ಟನ್ನು ಕಟ್ಟುವುದೆಂದು ಗೊತ್ತುಮಾಡಿದರು. ಇದರಿಂದಲೇ ಈ ಸಂಘಕ್ಕೆ ಹಸುರು ಪಟ್ಟಿಯ ಚಳವಳಿ, ಅಂದರೆ ಗ್ರೀನ್ ಬೆಲ್ಟ್ ಮೂವ್‌ಮೆಂಟ್, ಎಂಬ ಹೆಸರಾಯಿತು.

ಡಿಪ್ಲೊಮಾ ಇಲ್ಲದ ಅರಣ್ಯಾಧಿಕಾರಿಗಳು

ದೇಶದ ಒಬ್ಬೊಬ್ಬರಿಗೆ ಒಂದೊಂದು ಮರದಂತೆ ಒಂದೂವರೆ ಕೋಟಿ ಮರಗಳನ್ನು ನೆಡಬೇಕೆಂಬ ಸಂಕಲ್ಪವನ್ನು ಕೇಳಿ ಅರಣ್ಯ ಇಲಾಖೆಯ ಹಿರಿಯ ಅಧಿಕಾರಿಯು ನಕ್ಕು, ಬೇಕಾದಷ್ಟು ಸಸಿಗಳನ್ನು ಬಿಟ್ಟಿಯಾಗಿ ಒಯ್ಯಿರಿ ಎಂದನಂತೆ. ಒಂದು ವರ್ಷವು ತುಂಬುವುದರೊಳಗಾಗಿ, ಹೆಂಗಸರು ಒಯ್ಯುತ್ತಿರುವ ಸಸಿಗಳಿಗೆ ಮಿತಿಯೇ ಇಲ್ಲವೆಂದು ಕಂಡು, ಇನ್ನು ಬಿಟ್ಟಿ ಕೊಡಲಾಗದೆಂದು ಹೇಳಬೇಕಾಯಿತು. ಆಗ ಹೆಂಗಸರು ತಾವೇ ಸಸಿಮಡಿಗಳನ್ನು ಮಾಡಲು ನಿಶ್ಚಯಿಸಿದರು.

ಕಲಿಸಲು ಬಂದ ಅಧಿಕಾರಿಗಳು ನೆಲದ ಇಳಿಜಾರಿನ ಪ್ರಮಾಣ, ಸೂರ್ಯಕಿರಣವು ಬೀಳುವ ಕೋನ, ಪಾತಿಯ ಆಳ ಇವುಗಳನ್ನು ಕುರಿತು ಉಪನ್ಯಾಸ ಮಾಡಿದರು. ಓದುಬರಹವಿಲ್ಲದ ಹೆಂಗಸರಿಗೆ ಇದೊಂದೂ ತಿಳಿಯಲಿಲ್ಲ. ಆಗ ವಂಗಾರಿಯು, ನೀವು ಹುಟ್ಟಿದಂದಿನಿಂದ ಹುರುಳಿ, ಜೋಳ ಬಿತ್ತಿದವರಲ್ಲವೇ, ಮರದ ಬೀಜವೂ ಬೀಜವೇ, ನಿಮ್ಮ ಹೆಣ್ಣುಬುದ್ಧಿಯನ್ನೇ ಉಪಯೋಗಿಸಿರಿ, ಎಂಬ ಅರ್ಥದ ಮಾತನ್ನಾಡಿದಳು. ಹೆಣ್ಣುಬುದ್ಧಿಯೆಂಬುದು ನಮ್ಮಲ್ಲಿ ಹಳಿಯುವ ಮಾತಾಗಿದೆಯಷ್ಟೆ. ಅಲ್ಲಿ ಅದೇ ಮಾತು ಗೌರವದ ಬಿರುದಾಯಿತು.

ಕಾರ್ಯದ ಕ್ರಮವು ಹೀಗಿತ್ತು. ಊರಿನ ಹೆಂಗಸರು ಗುಂಪುಗೂಡಿ ತಮ್ಮ ಸುತ್ತಲಿನ ಮರಗಳನ್ನು ಗಮನಿಸಿ, ಅವು ಹೂಬಿಟ್ಟು ಕಾಯಾಗುವ ಕಾಲವನ್ನರಿತು ಬೀಜವನ್ನು ಸಂಗ್ರಹಿಸುವರು. ಒಡೆದ ಮಡಕೆ, ಹಳೆಯ ಡಬ್ಬಿ, ಯಾವುದು ದೊರೆತರೆ ಅದರಲ್ಲಿ ಮಣ್ಣು ತುಂಬಿ ಬಿತ್ತುವರು. ಕೋಳಿ ಕೆದಕದಂತೆ, ಆಡು ಮೇಯದಂತೆ ಎತ್ತರದಲ್ಲಿಡುವರು. ಮೊಳಕೆಯು ಎದ್ದು ಸಸಿಯಾದ ಮೇಲೆ ಮಳೆಗಾಲದಲ್ಲಿ ತಮ್ಮ ಹೊಲಗಳಲ್ಲಿ ನೆಟ್ಟು, ನೆರೆಯವರಿಗೂ ಶಾಲೆಗಳಿಗೂ ಹಂಚುವರು. ಒಂದು ಗುಂಪು ಕಲಿತ ವಿದ್ಯೆಯನ್ನು ಮುಂದಿನ ಊರಿನ ಗುಂಪಿಗೆ ಕಲಿಸುವುದು.

ಇದರಲ್ಲಿ ಒಂದು ನಿಯಮವು ವಿಶೇಷವಾಗಿ ಗಮನಿಸತಕ್ಕದ್ದು. ಹೆಂಗಸರಿಗೆ ಸಸಿಯೊಂದಕ್ಕೆ ಅಮೆರಿಕೆಯ ನಾಲ್ಕು ಸೆಂಟುಗಳಷ್ಟು ಅಲ್ಪವಾದ ಹಣವು ಸಲ್ಲುತ್ತಿತ್ತು. ಆದರೆ ಬಿತ್ತಿದ್ದಕ್ಕಾಗಲಿ ನೆಟ್ಟದ್ದಕ್ಕಾಗಲಿ ಅಲ್ಲ. ನೆಟ್ಟ ಸಸಿಯು ಕೆಲವು ತಿಂಗಳು ಕಳೆದು ಬದುಕಿ ಉಳಿದರೆ ಮಾತ್ರ. ಸತ್ತ ಸಸಿಗೆ ಕೂಲಿಯಿಲ್ಲ. ಆದಕಾರಣ ಪ್ರತಿ ಸಸಿಗೂ ಒಬ್ಬ ತಾಯಿ ದೊರೆತಂತಾಯಿತು. ಅಲ್ಪವಾದರೂ ಆ ಕಾಸು ಹೆಂಗಸಿನ ಕೈಗೇ ಬರುತ್ತಿತ್ತು. ಅರಣ್ಯಶಾಸ್ತ್ರವನ್ನು ಓದದೆ ಅರಣ್ಯವನ್ನು ಬೆಳೆಸಿದ ಇವರಿಗೆ ಡಿಪ್ಲೊಮಾ ಇಲ್ಲದ ಅರಣ್ಯಾಧಿಕಾರಿಗಳೆಂದು ಹೆಸರು ಬಂದಿತು. 1980ರ ದಶಕದ ಆರಂಭದಲ್ಲಿ ವಿಶ್ವಸಂಸ್ಥೆಯ ಮಹಿಳಾ ನಿಧಿಯಿಂದಲೂ ನಾರ್ವೆ ದೇಶದ ಅರಣ್ಯ ಸಂಘದಿಂದಲೂ ನೆರವು ದೊರೆಯಲು ಕಾರ್ಯವು ಬಹುಬೇಗ ಹರಡಿತು.

ಮರವನ್ನು ನೆಡುವುದರಲ್ಲಿ ಅಪಾಯವೇನು?

ಮರವನ್ನು ನೆಡುವ ಹೆಂಗಸರಿಗೆ ಯಾರು ತಾನೇ ಅಡ್ಡಿ ಮಾಡುವರೆಂದು ವಾಚಕರು ಕೇಳಬಹುದು. ಗುಂಪುಗಳು ಸೇರಿದಾಗ ವಂಗಾರಿಯು ಅವರ ಕಷ್ಟಗಳನ್ನು ಒಂದೊಂದಾಗಿ ಹೇಳಿಸಿ, ಇವು ಎಲ್ಲಿಂದ ಬಂದವು ಎಂದು ಕೇಳುತ್ತಿದ್ದಳು. ಸರ್ಕಾರದಿಂದ ಎಂದು ಜನರು ಹೇಳುವರು. ಅದು ಒಂದು ಪಾಲು ನಿಜ. ಆದರೆ ನಿಮ್ಮ ಹೊಲದ ಮಣ್ಣು ಕೊಚ್ಚಿಹೋಗುವಾಗ ಬದುವನ್ನು ಹಾಕದವರು ಯಾರು, ಎಂದು ಆಕೆಯು ಮರುಪ್ರಶ್ನೆ ಮಾಡುವಳು. ಹೀಗೆ ಜನರು ತಮ್ಮ ಹೊಣೆಯನ್ನೂ ಅರಿತರು, ಆಳುವವರ ಹೊಣೆಯನ್ನು ಕೇಳುವುದನ್ನೂ ಕಲಿತರು. ಈ ಎರಡನೆಯದು ಅಧಿಕಾರದಲ್ಲಿದ್ದವರಿಗೆ ಹಿತವಾಗಲಿಲ್ಲ.

1989ರಲ್ಲಿ ನೈರೋಬಿಯ ಉಹುರು ಉದ್ಯಾನದಲ್ಲಿ ಅರುವತ್ತು ಅಂತಸ್ತುಗಳ ಕಟ್ಟಡವನ್ನೂ ಅಧ್ಯಕ್ಷರ ದೊಡ್ಡ ಪ್ರತಿಮೆಯನ್ನೂ ನಿಲ್ಲಿಸುವ ಯೋಜನೆಯು ಹೊರಟಿತು. ಬಡವರು ಮಕ್ಕಳೊಡನೆ ಬಂದು ಕುಳಿತುಕೊಳ್ಳುವ ಹಸುರಿನ ಸ್ಥಳವದು. ವಂಗಾರಿಯು ಅದನ್ನು ಪ್ರತಿಭಟಿಸಿ ಅಧಿಕಾರಿಗಳಿಗೆ ಕಾಗದಗಳನ್ನು ಬರೆದಳು. ಪಾರ್ಲಿಮೆಂಟಿನಲ್ಲಿ ಸದಸ್ಯರು ಆಕೆಯನ್ನು ಗಂಡನನ್ನು ಬಿಟ್ಟವಳೆಂದು ಹೀಯಾಳಿಸಿದರು. ಸಂಘವನ್ನು ಸರ್ಕಾರಿ ಕಟ್ಟಡದಿಂದ ಹೊರಡಿಸಿದರು. ಆಕೆಯು ತನ್ನ ಸಣ್ಣ ಮನೆಯನ್ನೇ ಕಚೇರಿಯಾಗಿ ಮಾಡಿಕೊಂಡಳು. ಕಡೆಗೆ ಹಣ ಕೊಡಬೇಕಾಗಿದ್ದವರು ಹಿಂಜರಿಯಲು ಯೋಜನೆಯು ನಿಂತುಹೋಯಿತು.

1992ರಲ್ಲಿ ರಾಜಕೀಯ ಕೈದಿಗಳ ತಾಯಂದಿರೊಡನೆ ಅದೇ ಉದ್ಯಾನದಲ್ಲಿ ಉಪವಾಸ ಕುಳಿತಿದ್ದಾಗ ಪೋಲೀಸರ ಪೆಟ್ಟಿಗೆ ಆಕೆಯು ಪ್ರಜ್ಞೆತಪ್ಪಿ ಬಿದ್ದಳು. 1999ನೆಯ ಇಸವಿ ಜನವರಿ 8ರಂದು, ನಗರದ ಅಂಚಿನ ಕರೂರ ಅರಣ್ಯವನ್ನು ಖಾಸಗಿಯವರಿಗೆ ಹಂಚುವುದನ್ನು ತಡೆಯಲು ಅಲ್ಲಿ ಸಸಿಯನ್ನು ನೆಡಹೋದಾಗ ಕಾವಲುಗಾರರ ಗುಂಪು ಮೇಲೆ ಬಿದ್ದು ಆಕೆಯ ತಲೆಯನ್ನು ಒಡೆಯಿತು. ಪೋಲೀಸು ಠಾಣೆಗೆ ಹೋಗಿ, ಹರಿಯುತ್ತಿದ್ದ ರಕ್ತದಿಂದಲೇ ದೂರಿಗೆ ರುಜು ಹಾಕಿದಳು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಸಾರ್ವಜನಿಕ ಭೂಮಿಯ ಹಂಚಿಕೆಯನ್ನು ನಿಲ್ಲಿಸಿರುವುದಾಗಿ ಅಧ್ಯಕ್ಷರು ಘೋಷಿಸಬೇಕಾಯಿತು. ಕರೂರ ಅರಣ್ಯವು ಉಳಿಯಿತು.

ಫಲ

2002ರ ಚುನಾವಣೆಯಲ್ಲಿ ಜನರು ಆಕೆಯನ್ನು ಪಾರ್ಲಿಮೆಂಟಿಗೆ ಕಳುಹಿಸಿದರು. ಪರಿಸರ ಶಾಖೆಯ ಉಪಮಂತ್ರಿಯೂ ಆದಳು. 2004ರಲ್ಲಿ ನೊಬೆಲ್ ಶಾಂತಿ ಬಹುಮಾನವು ಲಭಿಸಿತು. ಆಫ್ರಿಕೆಯ ಮಹಿಳೆಯೊಬ್ಬಳಿಗೆ ಅದು ದೊರೆತದ್ದು ಅದೇ ಮೊದಲು. ಸುದ್ದಿಯು ಬಂದಾಗ ಆಕೆಯು ನ್ಯೇರಿಯ ದಾರಿಯಲ್ಲಿದ್ದಳು. ಸಂತೋಷವನ್ನು ಆಚರಿಸಿದ್ದು ಹೇಗೆ? ಮಂಡಿಯೂರಿ, ಬರಿಗೈಯಿಂದ ಮಣ್ಣನ್ನು ತೋಡಿ, ಕೀನ್ಯಾ ಪರ್ವತಕ್ಕೆ ಎದುರಾಗಿ ಒಂದು ಸಸಿಯನ್ನು ನೆಟ್ಟಳು. ಬಹುಮಾನದ ಹೊತ್ತಿಗೆ ಚಳವಳಿಯ ಮರಗಳು ಮೂರು ಕೋಟಿಯನ್ನು ಮುಟ್ಟಿದ್ದವು. ಆ ಸಂಖ್ಯೆಯು ತರುವಾಯ ಐದು ಕೋಟಿಯನ್ನು ಮೀರಿತು.

ಮರಗಳಿಗೂ ಶಾಂತಿಗೂ ಏನು ಸಂಬಂಧವೆಂದು ಆಗ ಹಲವರು ಕೇಳಿದರು. ನೀರೂ ಹುಲ್ಲೂ ಕಡಿಮೆಯಾದಲ್ಲಿ ನೆರೆಯವರಿಗೆ ನೆರೆಯವರು ವೈರಿಗಳಾಗುವರೆಂಬುದನ್ನು ಬಲ್ಲ ರೈತರಿಗೆ ಈ ಪ್ರಶ್ನೆಯು ಹುಟ್ಟಲಾರದು.

ನಮ್ಮ ನಾಡಿನ ಸಾಕ್ಷಿ

ನಮ್ಮ ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ತಿಮ್ಮಕ್ಕನವರನ್ನು ಇಲ್ಲಿ ನೆನೆಯದಿರಲಾಗದು. ಮಕ್ಕಳಿಲ್ಲದ ಅವರು ಪತಿಯೊಡನೆ ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ರಸ್ತೆಯ ಬದಿಯಲ್ಲಿ ನೂರಾರು ಆಲದ ಸಸಿಗಳನ್ನು ನೆಟ್ಟು, ನೀರನ್ನು ಹೊತ್ತು ಹಾಕಿ, ದನ ಮೇಯದಂತೆ ಮುಳ್ಳಿನ ಬೇಲಿ ಕಟ್ಟಿ ಮಕ್ಕಳಂತೆ ಸಾಕಿದರು. ಸಾಲುಮರದ ತಿಮ್ಮಕ್ಕನೆಂದು ನಾಡೇ ಕರೆಯಿತು. 2019ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಸಂದಿತು. 2025ನೆಯ ಇಸವಿ ನವೆಂಬರ್ 14ರಂದು ಅವರು ತೀರಿಕೊಂಡರು. ಒಬ್ಬಾಕೆಯು ಡಾಕ್ಟರ್ ಪದವಿಯನ್ನು ಪಡೆದವಳು. ಒಬ್ಬರು ಶಾಲೆಯ ಮೆಟ್ಟಿಲನ್ನೇ ಹತ್ತದವರು. ಇಬ್ಬರೂ ಮುಟ್ಟಿದ ಸತ್ಯವು ಒಂದೇ. ಇಬ್ಬರ ಮರಗಳ ಕುಲವೂ ಒಂದೇ.

ಕಡೆಯ ಮಾತು

ಹಾಗಾದರೆ ಶಾಲೆಯಿಂದ ಪ್ರಯೋಜನವೇನು? ತಿಮ್ಮಕ್ಕನವರು ಓದದೆಯೇ ಮಾಡಲಿಲ್ಲವೇ ಎಂದು ಯಾರಾದರೂ ಕೇಳಿಯಾರು. ಕೊಡಲಿಯಿಂದ ಅಡಿಗೆಮನೆಯವರೆಗಿನ ಸರಪಳಿಯನ್ನು ಕೊಂಡಿಕೊಂಡಿಯಾಗಿ ಬಿಡಿಸಿ ತೋರಿಸಲು, ಅಧಿಕಾರಿಗಳಿಗೆ ಅವರ ಭಾಷೆಯಲ್ಲಿಯೇ ಕಾಗದ ಬರೆಯಲು, ಹಳ್ಳಿಯ ಹೆಂಗಸರ ಮಾತನ್ನು ಲೋಕದ ಸಭೆಗೆ ಮುಟ್ಟಿಸಲು ವಂಗಾರಿಗೆ ವಿದ್ಯೆಯು ಬೇಕಾಯಿತು. ಆದರೆ ಆ ವಿದ್ಯೆಯು ಫಲಿಸಿದ್ದು ಆಕೆಯು ತಾಯಿಯ ಮಾತಿನ ಬಳಿಗೆ ಹಿಂದಿರುಗಿದ ಮೇಲೆಯೇ. ಮಗಳನ್ನು ಮನೆಯಿಂದ ದೂರಕ್ಕೆ ಒಯ್ಯುವ ವಿದ್ಯೆಯು ಅರ್ಧ ವಿದ್ಯೆ. ದೂರಕ್ಕೆ ಒಯ್ದು ಮತ್ತೆ ಮನೆಯನ್ನು ತೋರಿಸುವುದೇ ಪೂರ್ಣ ವಿದ್ಯೆ.

ವಂಗಾರಿ ಮಾಥಾಯ್ 2011ನೆಯ ಇಸವಿ ಸೆಪ್ಟೆಂಬರ್ 25ರಂದು ನಿಧನ ಹೊಂದಿದಳು. ತನ್ನ ಶವಪೆಟ್ಟಿಗೆಗಾಗಿ ಮರವನ್ನು ಕಡಿಯಬಾರದೆಂದು ಆಕೆಯು ಮೊದಲೇ ತಿಳಿಸಿದ್ದಳು. ಅದರಂತೆ ಬಿದಿರು, ಜಂಬುಹುಲ್ಲಿನ ಜಾತಿಯ ಪಪೈರಸ್ ಮತ್ತು ಕೆರೆಯ ಕಳೆಗಿಡಗಳಿಂದ ಹೆಣೆದ ಪೆಟ್ಟಿಗೆಯಲ್ಲಿ ಆಕೆಯ ದೇಹವನ್ನಿಟ್ಟು ಉಹುರು ಉದ್ಯಾನದಲ್ಲಿಯೇ ರಾಷ್ಟ್ರಗೌರವವನ್ನು ಸಲ್ಲಿಸಿದರು. ಪೋಲೀಸರು ಹೊಡೆದು ಕೆಡವಿದ್ದ ನೆಲವದು.

ಪ್ರಿಯ ಸೋದರಿಯರೇ, ನಮ್ಮ ಶಾಲೆಯ ಸಮಾರಂಭಗಳಲ್ಲಿ ನಾವೂ ಸಸಿಗಳನ್ನು ನೆಡುತ್ತೇವೆ. ಗಣ್ಯರು ಬಂದು ಮಣ್ಣು ಹಾಕಿ, ಛಾಯಾಚಿತ್ರವನ್ನು ತೆಗೆಸಿಕೊಂಡು ಹೋಗುತ್ತಾರೆ. ಈ ಸಲ ಒಂದು ಕೆಲಸವನ್ನು ಮಾಡೋಣ. ನೆಟ್ಟವರ ಹೆಸರಿನ ಪಟ್ಟಿಯ ಪಕ್ಕದಲ್ಲಿ ಮತ್ತೊಂದು ಪಟ್ಟಿಯನ್ನಿಡೋಣ: ಆರು ತಿಂಗಳ ತರುವಾಯ ಉಳಿದಿರುವ ಸಸಿಗಳಾವುವು, ಬೇಸಗೆಯಲ್ಲಿ ಅವಕ್ಕೆ ನೀರೆರೆದವರು ಯಾರು ಎಂದು. ಮುಂದಿನ ಸಂಚಿಕೆಯಲ್ಲಿ ಎರಡನೆಯ ಪಟ್ಟಿಯನ್ನು ಮುದ್ರಿಸೋಣ. ಅದರಲ್ಲಿ ಹೆಚ್ಚಾಗಿ ಹೆಣ್ಣುಮಕ್ಕಳ ಹೆಸರುಗಳೇ ಇರುವುವೆಂದು ನನ್ನ ನಂಬಿಕೆ.